ಹಳೆಯ ಕಾರಿನ ಹೀಟರ್ ಮತ್ತು ನಮ್ಮ ಕೊಳವೆಬಾವಿಯ ನೀರು

(ಹಳೆಯ ಕಾರುಗಳನ್ನು ಉಳಿಸಿಕೊಂಡು ಬಂದಿರುವವರು ಮತ್ತು ಅವುಗಳ ಕೆಲಸ ಮಾಡುವ ಮೆಕ್ಯಾನಿಕ್‌ಗಳು ಚಿಕ್ಕಬಳ್ಳಾಪುರದಲ್ಲಿ ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಮಾನ್ಯರೇ,

ಹೀಟರ್ ಬಗ್ಗೆ ಮಾತನಾಡುತ್ತೇನೆ ಎಂದು ತಿಳಿಸಿದಾಗ ಈ ಸಭೆಯನ್ನು ಏರ್ಪಡಿಸಿದ ಗೆಳೆಯರಲ್ಲಿ ಒಬ್ಬರು, "ನಮ್ಮ ಸೀಮೆಗೆ ಹೀಟರ್ ಯಾಕೆ ಸಾರ್, ಎಂಜಿನ್ ಕಾಯದಂತೆ ನೋಡಿಕೊಂಡರೆ ಸಾಕಲ್ಲವೇ?" ಎಂದು ಕೇಳಿದರು. ಮೂವತ್ತು ವರ್ಷಗಳಿಂದ ಈ ಪ್ರಶ್ನೆಯನ್ನು ಬೇರೆ ಬೇರೆ ಬಾಯಿಗಳಿಂದ ಕೇಳುತ್ತಲೇ ಇದ್ದೇನೆ. ನನಗೆ ಇದರ ಉತ್ತರ ಸಿಕ್ಕಿದ್ದು ಧನುರ್ಮಾಸದ ಒಂದು ಬೆಳಗಿನ ಜಾವ, ನಂದಿ ಗ್ರಾಮದ ಭೋಗನಂದೀಶ್ವರನ ಗುಡಿಗೆ ಹೋಗುವ ದಾರಿಯಲ್ಲಿ.

ನಮ್ಮ ತಂದೆಯವರಿಂದ ಬಂದ ಮೋರಿಸ್ ಮೈನರ್ ಕಾರು ನನ್ನಲ್ಲಿದೆ. 1957ರದು, 948 ಸಿಸಿ ಎಂಜಿನ್ನಿನದು. ಅಂದು ನಾವು ನಾಲ್ವರು ತಲೆಗೆ ಸ್ನಾನ ಮಾಡಿ, ಕೂದಲು ಆರುವ ಮೊದಲೇ ಕಾರು ಹತ್ತಿದ್ದೆವು. ಚಳಿಯೆಂದು ಕಿಟಕಿಗಳನ್ನೆಲ್ಲ ಏರಿಸಿದ್ದೆವು. ಊರು ದಾಟಿ ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಮುಂದಿನ ಗಾಜು ಒಳಗಿನಿಂದ ಹಾಲಿನಂತೆ ಬೆಳ್ಳಗಾಯಿತು. ಪಕ್ಕದಲ್ಲಿ ಕುಳಿತಿದ್ದ ಅಮ್ಮ ಸೆರಗಿನಿಂದ ಒರೆಸಿದರು. ಒರೆಸಿದ ಜಾಗ ಒಂದು ನಿಮಿಷ ತಿಳಿಯಾಗಿ, ಎಣ್ಣೆಯ ಗೆರೆಗಳೊಡನೆ ಮತ್ತೆ ಮುಸುಕಾಯಿತು. ಹಾಗೆ ಒರೆಸಿದ ಒಂದು ಅಂಗೈ ಅಗಲದ ಜಾಗದಲ್ಲಿ, ಹಿಂದಿನ ದೀಪವಿಲ್ಲದೆ ನಿಂತಿದ್ದ ಟ್ರ್ಯಾಕ್ಟರ್ ಟ್ರೈಲರ್‌ನ ಹಿಂಬದಿಯ ಹಲಗೆ ಕಂಡಿತು. ಬ್ರೇಕ್ ಹಿಡಿಯಿತು, ಕಾರು ನಿಂತಿತು, ಯಾರಿಗೂ ಏನೂ ಆಗಲಿಲ್ಲ. ಆದರೆ ಗುಡಿಯ ಕಲ್ಯಾಣಿಯ ಮೆಟ್ಟಿಲ ಮೇಲೆ ಕುಳಿತಾಗಲೂ ನನ್ನ ಕೈ ನಡುಗುತ್ತಿತ್ತು. ಆ ಕಾರಿನಲ್ಲಿ ಹೀಟರ್ ಇತ್ತು. ಆದರೆ ಅದು ಕೆಲಸ ಮಾಡುತ್ತಿಲ್ಲವೆಂಬುದು ನನಗೆ ಗೊತ್ತಿತ್ತು, ಬೇಕಾಗಿಲ್ಲವೆಂದು ಸುಮ್ಮನಿದ್ದೆ.

ಆದ್ದರಿಂದ ನಾನು ಹೀಟರ್ ಅನ್ನು ಸೌಕರ್ಯದ ಸಾಮಾನೆಂದು ನೋಡುವುದನ್ನು ಬಿಟ್ಟಿದ್ದೇನೆ. ಅದನ್ನು ವೈಪರ್ ಮತ್ತು ಹೆಡ್‌ಲೈಟ್‌ಗಳ ಜೊತೆಯಲ್ಲಿ ಎಣಿಸುತ್ತೇನೆ. ಮುಂದಿನ ಗಾಜನ್ನು ಒಣಗಿಸಿಡುವುದು ಅದರ ಮೊದಲ ಕೆಲಸ. ಕಾಲು ಬೆಚ್ಚಗಾಗುವುದು ಅದರ ನಂತರದ ಮಾತು. ಈ ಕೆಲಸ ಹೇಗೆ ನಡೆಯುತ್ತದೆಂದು ಒಂದು ಲೆಕ್ಕದಿಂದ ತಿಳಿಯಬಹುದು. 10 ಡಿಗ್ರಿ ಸೆಲ್ಸಿಯಸ್‌ನ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 9 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಅದೇ ಗಾಳಿ 30 ಡಿಗ್ರಿಗೆ ಕಾದರೆ ಸುಮಾರು 30 ಗ್ರಾಂ ಹಿಡಿಯುತ್ತದೆ. ಎಂದರೆ ಮಂಜು ಕವಿದ ಬೆಳಗಿನ ಪೂರ್ತಿ ತೇವದ ಗಾಳಿಯನ್ನೇ ಒಳಕ್ಕೆಳೆದು 30 ಡಿಗ್ರಿಗೆ ಕಾಯಿಸಿದರೆ ಅದು ಮೂರರಲ್ಲಿ ಎರಡು ಪಾಲು ಹಸಿದ ಗಾಳಿಯಾಗುತ್ತದೆ. ಗಾಜಿಗೆ ತಾಗಿದೊಡನೆ ಅಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ಜೊತೆಗೆ ಗಾಜೂ ಬೆಚ್ಚಗಾಗುವುದರಿಂದ ನಮ್ಮ ಉಸಿರಿನ ಆವಿ ಅದರ ಮೇಲೆ ಕೂರುವುದಿಲ್ಲ. ನಂದಿ ಬೆಟ್ಟದ ನೆತ್ತಿ 1,478 ಮೀಟರ್ ಎತ್ತರದಲ್ಲಿದೆ. ಚಳಿಗಾಲದಲ್ಲಿ ಮೋಡವೇ ರಸ್ತೆಯ ಮೇಲೆ ಇಳಿದಿರುತ್ತದೆ. ಅಲ್ಲಿ ಗಾಜಿನ ಹೊರಮೈಗೆ ವೈಪರ್ ಬೇಕು, ಒಳಮೈಗೆ ಹೀಟರ್ ಬೇಕು.

ಈಗ ಯಾವ ಕಾರುಗಳ ಮಾತು ಎಂಬುದನ್ನು ಹೇಳಿಬಿಡುತ್ತೇನೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನಗಳನ್ನು ನಮ್ಮ ಕೇಂದ್ರ ಸರ್ಕಾರದ 2021ರ ನಿಯಮಗಳು ವಿಂಟೇಜ್ ಎಂದು ಗುರುತಿಸಿವೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಈ ನಮ್ಮ ಮೂರು ಜಿಲ್ಲೆಗಳಲ್ಲಿ ಉಳಿದಿರುವ ಅಂತಹ ಕಾರುಗಳಲ್ಲಿ ಮೋರಿಸ್, ಆಸ್ಟಿನ್, ಸ್ಟ್ಯಾಂಡರ್ಡ್ ಹೆರಾಲ್ಡ್, ಫಿಯಟ್ 1100, ಹಳೆಯ ಅಂಬಾಸಿಡರ್‌ಗಳೇ ಹೆಚ್ಚು. ಅಲ್ಲೊಂದು ಇಲ್ಲೊಂದು ಫೋಕ್ಸ್‌ವ್ಯಾಗನ್ ಬೀಟಲ್ ಇದೆ. ಬೀಟಲ್ ಒಂದನ್ನು ಬಿಟ್ಟರೆ ಉಳಿದವೆಲ್ಲ ನೀರಿನಿಂದ ತಣಿಯುವ ಎಂಜಿನ್‌ಗಳು. ಅವುಗಳಲ್ಲಿ ಹೀಟರ್ ಇದ್ದರೆ ಅದು ಎಂಜಿನ್ನಿನ ಬಿಸಿನೀರಿನಿಂದ ನಡೆಯುವ ಹೀಟರ್. ಇದಕ್ಕೂ ಹಿಂದಿನ ಕಾಲದಲ್ಲಿ, ಫೋರ್ಡ್ ಮಾಡೆಲ್ ಎ ಮುಂತಾದ ಕಾರುಗಳಲ್ಲಿ, ಎಂಜಿನ್ನಿನ ಹೊಗೆ ಹೊರಬರುವ ಕೊಳವೆಗೆ, ಎಂದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗೆ, ತಗಡಿನ ಹೊದಿಕೆ ಹಾಕಿ ಅಲ್ಲಿಂದ ಬಿಸಿಗಾಳಿಯನ್ನು ಒಳಕ್ಕೆ ಬಿಡುತ್ತಿದ್ದರು. 1930ರ ದಶಕದಲ್ಲಿ ಬಿಸಿನೀರಿನ ಹೀಟರ್ ಎಲ್ಲೆಡೆ ಹರಡಿತು. 1938ರಲ್ಲಿ ಅಮೆರಿಕದ ನ್ಯಾಶ್ ಕಂಪನಿಯು ಹೊರಗಿನ ಗಾಳಿಯನ್ನು ಸೋಸಿ, ಕಾಯಿಸಿ ಒಳಕ್ಕೆ ಬಿಡುವ ಏರ್ಪಾಟನ್ನು ತಂದಿತು.

ಬಿಸಿನೀರಿನ ಹೀಟರ್‌ನ ರಚನೆ ಬಹಳ ಸರಳ. ಡ್ಯಾಶ್‌ಬೋರ್ಡ್ ಕೆಳಗೆ ಒಂದು ತಗಡಿನ ಪೆಟ್ಟಿಗೆ. ಅದರೊಳಗೆ ಹಿತ್ತಾಳೆ ಮತ್ತು ತಾಮ್ರದ ಒಂದು ಪುಟ್ಟ ರೇಡಿಯೇಟರ್. ಅದಕ್ಕೆ ಹೀಟರ್ ಕೋರ್ ಎನ್ನುತ್ತಾರೆ. ಅದರ ಹಿಂದೆ ಗಾಳಿ ಊದುವ ಒಂದು ಬ್ಲೋಯರ್. ಎಂಜಿನ್ನಿನ ಮೇಲ್ಭಾಗವಾದ ಹೆಡ್‌ನ ಹಿಂತುದಿಯಿಂದ ಒಂದು ನಲ್ಲಿಯ ಮೂಲಕ ಬಿಸಿನೀರು ಅರ್ಧ ಇಂಚಿನ ಹೋಸ್ ಪೈಪಿನಲ್ಲಿ ಕೋರ್‌ಗೆ ಬರುತ್ತದೆ. ಅಲ್ಲಿ ಬಿಸಿಯನ್ನು ಬಿಟ್ಟುಕೊಟ್ಟು, ಇನ್ನೊಂದು ಪೈಪಿನಲ್ಲಿ ರೇಡಿಯೇಟರ್‌ನ ಕೆಳಗಿನ ಹೋಸ್ ಸೇರಿ, ವಾಟರ್ ಪಂಪಿನ ಮೂಲಕ ಮರಳಿ ಎಂಜಿನ್ನಿಗೆ ಹೋಗುತ್ತದೆ. ಹೀಟರ್‌ಗಾಗಿ ಬೇರೆ ನೀರಿಲ್ಲ, ಬೇರೆ ಪಂಪಿಲ್ಲ. ಎಂಜಿನ್ನನ್ನು ತಣಿಸುವ ನೀರೇ ನಮ್ಮನ್ನು ಬೆಚ್ಚಗಿಡುವ ನೀರು. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ನಾನು ಹೇಳುವ ದೋಷಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ. ಹೀಟರ್ ಬಿಸಿಯಾಗುತ್ತಿಲ್ಲವೆಂದರೆ ಬಹಳ ಸಲ ಅದು ಎಂಜಿನ್ನಿನ ನೀರಿನ ದಾರಿಯಲ್ಲಿ ಏನೋ ಕೆಟ್ಟಿದೆ ಎಂಬುದರ ಮೊದಲ ಸೂಚನೆ.

ನಡೆಸುವ ಕ್ರಮವನ್ನು ಹೇಳುತ್ತೇನೆ. ನನ್ನ ಮೈನರ್‌ನಂತಹ ಕಾರುಗಳಲ್ಲಿ ನೀರಿನ ನಲ್ಲಿಯನ್ನು ಬಾನೆಟ್ ತೆಗೆದು ಕೈಯಿಂದಲೇ ತಿರುಗಿಸಬೇಕು. ಬೇಸಿಗೆಗೆ ಮುಚ್ಚುವುದು, ಚಳಿಗಾಲಕ್ಕೆ ತೆರೆಯುವುದು. ಕೆಲವು ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಗುಂಡಿಯಿಂದ ಕೇಬಲ್ ಮೂಲಕ ಅದು ತೆರೆಯುತ್ತದೆ. ಎಂಜಿನ್ ಶುರು ಮಾಡಿದ ಕೂಡಲೇ ಬ್ಲೋಯರ್ ಹಾಕಬೇಡಿ. ತಣ್ಣನೆಯ ಗಾಳಿ ಊದಿ ಪ್ರಯೋಜನವಿಲ್ಲ. ನಾಲ್ಕೈದು ನಿಮಿಷ ಓಡಿದ ಮೇಲೆ ಬ್ಲೋಯರ್ ಹಾಕಿ, ಗಾಳಿಯನ್ನು ಪೂರ್ತಿಯಾಗಿ ಗಾಜಿನ ಕಡೆಗೆ ತಿರುಗಿಸಿ. ಗಾಜು ತಿಳಿಯಾದ ಮೇಲೆ ಕಾಲಿನ ಕಡೆಗೆ ಸ್ವಲ್ಪ ಬಿಡಬಹುದು. ಹಳೆಯ ಗುಂಡನೆಯ ಹೀಟರ್‌ಗಳು ಕಾರಿನೊಳಗಿನ ಗಾಳಿಯನ್ನೇ ಸುತ್ತಿಸುತ್ತವೆ. ಅಂತಹವುಗಳಿದ್ದರೆ ಮುಂದಿನ ಬಾಗಿಲಿನ ತ್ರಿಕೋನ ಕಿಟಕಿಯನ್ನು ಎರಡು ಬೆರಳಷ್ಟು ತೆರೆದಿರಬೇಕು. ಒಳಗಿನ ತೇವಕ್ಕೆ ಹೊರಹೋಗುವ ದಾರಿಯೇ ಇಲ್ಲದಿದ್ದರೆ ಎಷ್ಟು ಕಾಯಿಸಿದರೂ ಗಾಜು ಮತ್ತೆ ಮಂಜಾಗುತ್ತದೆ. ಚಳಿಯಲ್ಲಿ ಕಿಟಕಿ ತೆರೆಯಿರಿ ಎಂದರೆ ಮನೆಯವರು ಒಪ್ಪುವುದು ಕಷ್ಟ; ಒಮ್ಮೆ ತೆರೆದು ತೋರಿಸಿದರೆ ಒಪ್ಪುತ್ತಾರೆ.

ಇನ್ನು ದೋಷಗಳ ವಿಷಯ. ಆ ಧನುರ್ಮಾಸದ ಘಟನೆಯ ನಂತರ ನಾನು ಬಾನೆಟ್ ತೆರೆದು ನೋಡಿದಾಗ ಕಂಡದ್ದೇನೆಂದರೆ, ಹಿಂದೆ ಯಾವುದೋ ವರ್ಕ್‌ಶಾಪಿನಲ್ಲಿ ಹೀಟರ್‌ನ ಎರಡೂ ಹೋಸ್‌ಗಳನ್ನು ಕಳಚಿ, ಒಂದು ತುಂಡು ಕಬ್ಬಿಣದ ಪೈಪಿನಿಂದ ಒಂದಕ್ಕೊಂದು ಜೋಡಿಸಿಬಿಟ್ಟಿದ್ದರು. ಥರ್ಮೋಸ್ಟಾಟ್ ಕೂಡ ಇರಲಿಲ್ಲ. ಅದರ ಜಾಗದಲ್ಲಿ ಬರೀ ಪ್ಯಾಕಿಂಗ್ ಇತ್ತು. ಕೇಳಿದಾಗ ಬಂದ ಉತ್ತರ, "ನಮ್ಮ ಬಿಸಿಲಿಗೆ ಅದೆಲ್ಲ ಬೇಡ." ಈ ಎರಡು ಕೆಲಸಗಳನ್ನು ನಮ್ಮ ಕಡೆಯ ಹಳೆಯ ಕಾರುಗಳಲ್ಲಿ ಎಷ್ಟು ಕಡೆ ಕಂಡಿದ್ದೇನೆಂದರೆ, ನೀವು ಮೊದಲು ನೋಡಬೇಕಾದದ್ದೇ ಇದು: ಹೀಟರ್‌ಗೆ ನೀರು ಹೋಗುವ ದಾರಿ ಜೋಡಣೆಯಾಗಿಯೇ ಇದೆಯೇ, ಥರ್ಮೋಸ್ಟಾಟ್ ಇದೆಯೇ.

ಥರ್ಮೋಸ್ಟಾಟ್ ತೆಗೆದರೆ ಎಂಜಿನ್ ತಂಪಾಗಿರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಅದರ ಕೆಲಸವೇನೆಂದರೆ, ನೀರು ನಿಗದಿತ ಬಿಸಿಗೆ, ಬಹಳಷ್ಟು ಬ್ರಿಟಿಷ್ ಕಾರುಗಳಲ್ಲಿ 82 ಡಿಗ್ರಿಗೆ, ಬರುವ ತನಕ ರೇಡಿಯೇಟರ್‌ಗೆ ಹೋಗುವ ದಾರಿಯನ್ನು ಮುಚ್ಚಿರುವುದು. ಆ ಹೊತ್ತಿನಲ್ಲಿ ಬಿಸಿನೀರಿಗೆ ತೆರೆದಿರುವ ದೊಡ್ಡ ದಾರಿ ಹೀಟರ್‌ನದೇ. ಆದ್ದರಿಂದ ಥರ್ಮೋಸ್ಟಾಟ್ ಸರಿಯಿರುವ ಕಾರಿನಲ್ಲಿ ರೇಡಿಯೇಟರ್ ಬಿಸಿಯಾಗುವ ಮೊದಲೇ ಹೀಟರ್ ಬಿಸಿಯಾಗುತ್ತದೆ. ಅದನ್ನು ತೆಗೆದುಹಾಕಿದರೆ ನೀರೆಲ್ಲ ಅಡೆತಡೆಯಿಲ್ಲದೆ ರೇಡಿಯೇಟರ್ ಕಡೆಗೇ ಹರಿಯುತ್ತದೆ. ಡಿಸೆಂಬರಿನ ಬೆಳಗಿನಲ್ಲಿ ಎಂಜಿನ್ ತನ್ನ ಕೆಲಸದ ಬಿಸಿಯನ್ನು ಮುಟ್ಟುವುದೇ ಇಲ್ಲ. ಹೀಟರ್ ತಣ್ಣಗಿರುವುದು ಅದರ ಸಣ್ಣ ಪರಿಣಾಮ. ತಣ್ಣನೆಯ ಎಂಜಿನ್ನಿನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗದೆ ಸಿಲಿಂಡರ್ ಗೋಡೆಯ ಎಣ್ಣೆಯನ್ನು ತೊಳೆದು, ಬೋರ್, ಎಂದರೆ ಸಿಲಿಂಡರಿನ ಒಳಮೈ, ಸವೆಯುತ್ತದೆ. ಅದು ದೊಡ್ಡ ಪರಿಣಾಮ. ಬಿಸಿಲ ನಾಡಿಗೆಂದೇ 74 ಡಿಗ್ರಿಗೆ ತೆರೆಯುವ ಥರ್ಮೋಸ್ಟಾಟ್ ಸಿಗುತ್ತದೆ. ಬೇಕಿದ್ದರೆ ಅದನ್ನು ಹಾಕಿಸಿ, ಜಾಗವನ್ನು ಖಾಲಿ ಬಿಡಬೇಡಿ.

ಇದನ್ನು ಪರೀಕ್ಷಿಸಲು ಅಡಿಗೆಮನೆಯೇ ಸಾಕು. ಒಂದು ಪಾತ್ರೆಯಲ್ಲಿ ನೀರಿಟ್ಟು, ಥರ್ಮೋಸ್ಟಾಟನ್ನು ದಾರದಲ್ಲಿ ಕಟ್ಟಿ, ತಳಕ್ಕೆ ತಾಗದಂತೆ ಮುಳುಗಿಸಿ, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಒಲೆ ಹಚ್ಚಿ. ಅದರ ಮೇಲೆ ಬರೆದಿರುವ ಡಿಗ್ರಿಯ ಹತ್ತಿರ ಬಾಯಿ ತೆರೆಯತೊಡಗಿ, ಮತ್ತೆ ಹತ್ತು ಹನ್ನೆರಡು ಡಿಗ್ರಿ ಏರುವಷ್ಟರಲ್ಲಿ ಪೂರ್ತಿ ತೆರೆದರೆ ಅದು ಸರಿಯಿದೆ. ಕುದಿಯುವ ನೀರಿನಲ್ಲೂ ತೆರೆಯದಿದ್ದರೆ ಎಸೆಯಿರಿ. ತಣ್ಣಗಿದ್ದಾಗಲೇ ಬಾಯಿ ತೆರೆದುಕೊಂಡಿದ್ದರೂ ಎಸೆಯಿರಿ. ಇಲ್ಲೊಂದು ಮಾತು ಸೇರಿಸಬೇಕು. ಚಿಕ್ಕಬಳ್ಳಾಪುರ ಸಮುದ್ರಮಟ್ಟಕ್ಕಿಂತ ಸುಮಾರು 915 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ನಂದಿ ಬೆಟ್ಟದ ಮೇಲೆ 95ಕ್ಕೇ. ರೇಡಿಯೇಟರ್ ಕ್ಯಾಪ್ ಒತ್ತಡವನ್ನು ಹಿಡಿದಿಟ್ಟರೆ ಚದರ ಇಂಚಿಗೆ ಒಂದು ಪೌಂಡಿನಂತೆ ಕುದಿಯುವ ಬಿಂದು ಸುಮಾರು ಒಂದೂವರೆ ಡಿಗ್ರಿ ಮೇಲೇರುತ್ತದೆ. 7 ಪೌಂಡಿನ ಕ್ಯಾಪ್ ಸರಿಯಿದ್ದರೆ ಬೆಟ್ಟದ ಮೇಲೂ ಹತ್ತು ಡಿಗ್ರಿಯಷ್ಟು ಅವಕಾಶ ಸಿಗುತ್ತದೆ. ಕ್ಯಾಪಿನ ರಬ್ಬರ್ ಒಣಗಿ ಬಿರಿದಿದ್ದರೆ ಆ ಅವಕಾಶ ಇರುವುದಿಲ್ಲ. ನೀರು ಕುದಿದು, ಆವಿಯ ಗುಳ್ಳೆಗಳು ಹೀಟರ್ ಕೋರ್ ಹೊಕ್ಕು ಅಲ್ಲೇ ನಿಲ್ಲುತ್ತವೆ.

ಎರಡು ಹೋಸ್‌ಗಳನ್ನು ಕೈಯಿಂದ ಮುಟ್ಟಿ ನೋಡುವುದೇ ಹೀಟರ್‌ನ ನಾಡಿ ನೋಡುವ ಕ್ರಮ. ಎಂಜಿನ್ ಪೂರ್ತಿ ಕಾದಿರಬೇಕು, ನಲ್ಲಿ ತೆರೆದಿರಬೇಕು, ಬ್ಲೋಯರ್ ನಿಂತಿರಬೇಕು. ಫ್ಯಾನಿನ ಹತ್ತಿರ ಕೈ, ಅಂಗಿಯ ತೋಳು, ಹೆಗಲ ಮೇಲಿನ ಟವೆಲ್ ಹೋಗದಂತೆ ನೋಡಿಕೊಳ್ಳಿ. ಒಳಹೋಗುವ ಹೋಸ್ ಕೈಯಿಡಲಾರದಷ್ಟು ಬಿಸಿಯಿದ್ದು, ಹೊರಬರುವುದು ಅದಕ್ಕಿಂತ ತುಸುವೇ ಕಡಿಮೆಯಿದ್ದರೆ ನೀರಿನ ಕಡೆ ಎಲ್ಲ ಸರಿಯಿದೆ. ದೋಷ ಗಾಳಿಯ ಕಡೆಯಲ್ಲಿದೆ. ಒಳಹೋಗುವುದು ಬಿಸಿ, ಹೊರಬರುವುದು ತಣ್ಣಗೆ ಇದ್ದರೆ ಕೋರ್ ಕಟ್ಟಿಕೊಂಡಿದೆ, ಇಲ್ಲವೇ ಅದರಲ್ಲಿ ಗಾಳಿ ಸಿಕ್ಕಿಕೊಂಡಿದೆ. ಎರಡೂ ತಣ್ಣಗಿದ್ದರೆ ನಲ್ಲಿಯನ್ನೂ, ಅದಕ್ಕೆ ನೀರು ಬರುವ ಹೆಡ್‌ನ ರಂಧ್ರವನ್ನೂ ನೋಡಬೇಕು. ಎಂಜಿನ್ನಿನ ಹಿಂತುದಿಯಲ್ಲಿ ನೀರಿನ ಓಟ ನಿಧಾನವಾಗಿರುವುದರಿಂದ ತುಕ್ಕಿನ ಕೆಸರೆಲ್ಲ ಅಲ್ಲಿ ಬಂದು ಕೂರುತ್ತದೆ. ಎಷ್ಟೋ ಸಲ ನಲ್ಲಿಯನ್ನು ಬಿಚ್ಚಿ, ಬಾಗಿಸಿದ ತಂತಿಯಿಂದ ಆ ರಂಧ್ರವನ್ನು ಕೆದಕಿದ ಮೇಲೆಯೇ ನೀರು ಬಂದಿದೆ.

ನಮ್ಮ ಜಿಲ್ಲೆಗಳಿಗೇ ವಿಶೇಷವಾದ ಕಾಯಿಲೆಯ ಮಾತಿಗೆ ಈಗ ಬರುತ್ತೇನೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾವಿರ ಅಡಿಗೂ ಆಳದ ಕೊಳವೆಬಾವಿಗಳಿಂದ ನೀರೆತ್ತಿ ಬದುಕುತ್ತಿದ್ದೇವೆ. ತುಮಕೂರಿನ ಪಾವಗಡ, ಮಧುಗಿರಿ ಕಡೆಯ ಪಾಡೂ ಬೇರೆಯಲ್ಲ. ಫ್ಲೋರೈಡ್‌ನ ಸಂಕಟ ಎಲ್ಲರಿಗೂ ಗೊತ್ತು. ಅದರ ಜೊತೆಗೆ ಈ ನೀರು ಬಹಳ ಗಡಸು. ಬಚ್ಚಲುಮನೆಯ ಹಂಡೆಯ ಒಳಮೈಯನ್ನು ನೋಡಿ. ನೀರು ಕಾಯಿಸಿ ಕಾಯಿಸಿ ಬೆರಳು ದಪ್ಪದ ಬಿಳಿಯ ಹಕ್ಕಳೆ ಕಟ್ಟಿರುತ್ತದೆ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವವರನ್ನು ಕೇಳಿದರೆ ಬಾಯ್ಲರ್‌ಗೆ ಈ ನೀರು ಏನು ಮಾಡುತ್ತದೆಂದು ಅವರೇ ಹೇಳುತ್ತಾರೆ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬನೇಟ್ ಕಾದಾಗ ಕಾರ್ಬನೇಟ್ ಆಗಿ ಒಡೆದು ಕಲ್ಲಿನಂತೆ ಅಂಟಿಕೊಳ್ಳುತ್ತದೆ. ಹಂಡೆಯ ಬಾಯಿ ಒಂದು ಮೊಳ ಅಗಲ. ಹೀಟರ್ ಕೋರ್‌ನ ಕೊಳವೆಯ ಸಂದು ಎರಡು ಮೂರು ಮಿಲಿಮೀಟರ್. ಎಂಜಿನ್ನಿನಲ್ಲಿ ಎಲ್ಲಕ್ಕಿಂತ ಮೊದಲು ಕಟ್ಟಿಕೊಳ್ಳುವುದು ಅದೇ ಏಕೆಂಬುದು ಇದರಿಂದ ತಿಳಿಯುತ್ತದೆ. ವರ್ಷದಲ್ಲಿ ಹತ್ತು ತಿಂಗಳು ನಲ್ಲಿ ಮುಚ್ಚಿದ್ದು ನೀರು ನಿಂತೇ ಇದ್ದರಂತೂ ಕೆಸರು ಸೇರಿ ಗಟ್ಟಿಯಾಗುತ್ತದೆ. ಹಾಗಾಗಿ ತಿಂಗಳಿಗೊಮ್ಮೆಯಾದರೂ, ಬೇಸಿಗೆಯಲ್ಲೂ, ಹೀಟರ್ ನಲ್ಲಿಯನ್ನು ತೆರೆದು ಒಂದರ್ಧ ಗಂಟೆ ಓಡಿಸಿ.

ಇದರ ಮೇಲೆ ಇನ್ನೊಂದು ಅಭ್ಯಾಸ ಸೇರಿಕೊಂಡಿದೆ. ರೇಡಿಯೇಟರ್ ಸೋರಿದರೆ ಅರಿಶಿನದ ಪುಡಿ ಹಾಕುವುದು. ದಾರಿಯ ನಡುವೆ ನಿಂತವರಿಗೆ ಅದು ಊರು ಮುಟ್ಟಿಸುತ್ತದೆ, ಒಪ್ಪುತ್ತೇನೆ. ಆದರೆ ಊರು ಮುಟ್ಟಿದ ಮೇಲೆ ಅದನ್ನು ತೊಳೆದು ತೆಗೆಯದಿದ್ದರೆ ಆ ಪುಡಿ ಸೋರುವ ರಂಧ್ರವನ್ನಷ್ಟೇ ಅಲ್ಲದೆ ಹೀಟರ್ ಕೋರ್‌ನ ಸಂದುಗಳನ್ನೂ ಮುಚ್ಚುತ್ತದೆ. ನನ್ನ ಕಾರಿನ ಕೋರ್ ಬಿಚ್ಚಿದಾಗ ಮೊದಲು ಬಂದದ್ದು ಹಳದಿ ಮಿಶ್ರಿತ ಕಂದು ಕೆಸರು. ಅದರ ಹಿಂದೆ ಮೊಟ್ಟೆಯ ಚಿಪ್ಪಿನಂತಹ ಬಿಳಿಯ ಚೂರುಗಳು.

ಆ ಕೋರ್ ಅನ್ನು ತೊಳೆದ ಬಗೆಯನ್ನು ವಿವರವಾಗಿ ಹೇಳುತ್ತೇನೆ. ಕೋರ್ ಅನ್ನು ಕಾರಿನಿಂದ ಪೂರ್ತಿ ಹೊರತೆಗೆದೆ. ಹೊರಬರುವ ಬಾಯಿಗೆ ತೋಟದ ಪೈಪ್ ಹಿಡಿದು, ನೀರನ್ನು ಎಂದಿನ ಓಟಕ್ಕೆ ಎದುರಾಗಿ, ಕಡಿಮೆ ರಭಸದಲ್ಲಿ ಬಿಟ್ಟೆ. ಇದು ಅರವತ್ತು ವರ್ಷದ ಬೆಸುಗೆ. ಸರ್ವಿಸ್ ಸ್ಟೇಷನ್ನಿನ ಒತ್ತಡದ ನೀರು ತಾಗಿದರೆ ಬಿಟ್ಟುಕೊಳ್ಳುತ್ತದೆ. ಕೆಸರು ಹೋದ ಮೇಲೆ ಬೆಚ್ಚನೆಯ ನೀರಿಗೆ ಲೀಟರಿಗೆ 50 ಗ್ರಾಂನಂತೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ ಕೋರ್ ತುಂಬಿಸಿದೆ. ಹಿತ್ತಾಳೆಯ ಬಿಂದಿಗೆಗೆ ಹುಣಸೆಹಣ್ಣು ಹಚ್ಚಿ ಬೆಳಗುವ ಕೆಲಸವೇ ಇದು, ಒಳಗಿನಿಂದ ಮಾಡುವುದು. ತುಂಬಿಸಿದ ಕೂಡಲೇ ಬಾಯಿಯಲ್ಲಿ ಸಣ್ಣ ನೊರೆಯೆದ್ದು ಸುಂಯ್ ಎಂಬ ಸದ್ದು ಕೇಳತೊಡಗಿತು. ಹಕ್ಕಳೆ ಕರಗಿ ಇಂಗಾಲದ ಡೈಆಕ್ಸೈಡ್ ಹೊರಬರುವ ಸದ್ದು ಅದು. ಅರ್ಧ ಗಂಟೆಗೆ ಸದ್ದು ನಿಂತಿತು. ಚೆಲ್ಲಿ, ಮತ್ತೆ ಹೊಸದಾಗಿ ತುಂಬಿಸಿದೆ. ಮೂರನೆಯ ಸಲ ನೊರೆ ಏಳಲಿಲ್ಲ. ಆಮೇಲೆ ಅಡಿಗೆ ಸೋಡಾ ಬೆರೆಸಿದ ನೀರಿನಿಂದ ಒಮ್ಮೆ, ಬರೀ ನೀರಿನಿಂದ ಹಲವು ಸಲ ತೊಳೆದೆ. ರಾತ್ರಿಯಿಡೀ ಹುಳಿಯಲ್ಲಿ ಬಿಡಬಾರದು, ಬೆಸುಗೆಯನ್ನೂ ತಿನ್ನತೊಡಗುತ್ತದೆ. ಇದೇ ದ್ರಾವಣವನ್ನು ಎಂಜಿನ್ನಿಗೆ ಸುರಿಯಲೂಬಾರದು. ಸ್ನಾನಗೃಹ ತೊಳೆಯುವ ಆಸಿಡ್ ಅನ್ನು ಮುಟ್ಟಲೇಬೇಡಿ.

ತೊಳೆದ ಕೋರ್ ಸೋರುತ್ತದೆಯೇ ಎಂದು ನೋಡಲು ನಾನು ಹೋದದ್ದು ಬೀದಿಯ ಪಂಕ್ಚರ್ ಅಂಗಡಿಗೆ. ಒಂದು ಬಾಯಿಗೆ ರಬ್ಬರ್ ಬಿರಡೆ ಹಾಕಿ ಕ್ಲಿಪ್ ಬಿಗಿದು, ಇನ್ನೊಂದಕ್ಕೆ ಹೋಸ್ ಮೂಲಕ ಟ್ಯೂಬಿನ ವಾಲ್ವ್ ಜೋಡಿಸಿ, ಸೈಕಲ್ ಪಂಪಿನಿಂದ ಹತ್ತು ಪೌಂಡಿನಷ್ಟು ಮಾತ್ರ ಗಾಳಿ ಹೊಡೆದು, ಟ್ಯೂಬ್ ಮುಳುಗಿಸುವ ಅದೇ ತೊಟ್ಟಿಯಲ್ಲಿ ಮುಳುಗಿಸಿದೆವು. ಒಂದು ಮೂಲೆಯಿಂದ ಸಾಸಿವೆ ಕಾಳಿನಂತಹ ಗುಳ್ಳೆಗಳು ಸಾಲಾಗಿ ಎದ್ದವು. ಅಂಗಡಿಯ ಹುಡುಗ ಅಲ್ಲಿಗೆ ಬಣ್ಣದ ಪೆನ್ಸಿಲಿನಿಂದ ಗುರುತು ಹಾಕಿಕೊಟ್ಟ. ರೇಡಿಯೇಟರ್ ಬೆಸುಗೆ ಹಾಕುವವರು ಆ ಒಂದು ಜಾಗವನ್ನು ಬೆಸೆದರು. ಹುಳಿಯಲ್ಲಿ ತೊಳೆದಾಗ ಹೀಗೆ ಸೋರುವಿಕೆ ಹೊರಬರುವುದುಂಟು. ಅಷ್ಟು ದಿನ ಹಕ್ಕಳೆಯೇ ಅದನ್ನು ಮುಚ್ಚಿರುತ್ತದೆ. ಕಾರಿಗೆ ಹಾಕುವ ಮೊದಲೇ ಅದು ಕಾಣಿಸಿಕೊಳ್ಳಲಿ ಎಂದೇ ಈ ಪರೀಕ್ಷೆ.

ಮರಳಿ ತುಂಬಿಸುವ ನೀರು ಯಾವುದಿರಬೇಕು? ಡಿಸ್ಟಿಲ್ಡ್ ವಾಟರ್ ಉತ್ತಮ. ಇಲ್ಲದಿದ್ದರೆ ನಮ್ಮ ಹಳ್ಳಿಹಳ್ಳಿಯಲ್ಲಿರುವ ಶುದ್ಧ ನೀರಿನ ಘಟಕದ ಕ್ಯಾನ್ ನೀರಾಗಬಹುದು, ತಾರಸಿಯಿಂದ ಹಿಡಿದಿಟ್ಟ ಮಳೆಯ ನೀರಾಗಬಹುದು. ಆದರೆ ಇಂತಹ ಮೆದು ನೀರು ಒಂಟಿಯಾಗಿದ್ದರೆ ಕಬ್ಬಿಣವನ್ನು ಬೇಗ ತುಕ್ಕು ಹಿಡಿಸುತ್ತದೆ, ಕೂಲೆಂಟ್ ಸೇರಿಸಲೇಬೇಕು. ಮೂರನೆಯ ಒಂದು ಪಾಲು ಕೂಲೆಂಟ್ ಸಾಕು. ನಮ್ಮಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ. ನಮಗೆ ಅದರಿಂದ ಬೇಕಾಗಿರುವುದು ತುಕ್ಕುನಿರೋಧಕ ಗುಣ. ಹಳೆಯ ಹಿತ್ತಾಳೆಯ ಕೋರ್, ಸೀಸದ ಬೆಸುಗೆ ಇರುವ ಕಾರುಗಳಿಗೆ ಸಿಲಿಕೇಟ್ ಇರುವ ಹಳೆಯ ಬಗೆಯ ಕೂಲೆಂಟ್ ಕೇಳಿ ತನ್ನಿ. ಹೊಸ ಕಾರುಗಳಿಗೆಂದು ಬರುವ, ಐದು ವರ್ಷ ಬಾಳುವ ಬಗೆ ಇವುಗಳಿಗೆ ಹೊಂದುವುದಿಲ್ಲ. ಬಣ್ಣ ನೋಡಿ ನಿರ್ಧರಿಸಬೇಡಿ, ಡಬ್ಬಿಯ ಮೇಲೆ ಬರೆದಿರುವುದನ್ನು ಓದಿ.

ತುಂಬಿಸುವಾಗ ಆತುರ ಮಾಡಿದರೆ ಒಳಗೆ ಗಾಳಿ ಸಿಕ್ಕಿಕೊಂಡು ಏರ್ ಲಾಕ್ ಆಗುತ್ತದೆ, ಮಾಡಿದ ಕೆಲಸವೆಲ್ಲ ವ್ಯರ್ಥವಾದಂತೆ ಕಾಣುತ್ತದೆ. ಕಾರಿನ ಮೂತಿ ಮೇಲಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಡಿ. ಎಂಜಿನ್ ತಣ್ಣಗಿರಲಿ, ರೇಡಿಯೇಟರ್ ಕ್ಯಾಪ್ ತೆಗೆದಿರಲಿ, ಹೀಟರ್ ನಲ್ಲಿ ತೆರೆದಿರಲಿ. ಹೀಟರ್‌ನಿಂದ ಮರಳುವ ಹೋಸ್‌ನ ತುದಿಯನ್ನು ಬಿಚ್ಚಿ ಮೇಲೆತ್ತಿ ಹಿಡಿದು, ಆಲಿಕೆಯಿಂದ ಅದರೊಳಕ್ಕೇ ನಿಧಾನವಾಗಿ ನೀರು ಹೊಯ್ಯಿರಿ. ಕೋರ್ ಹಿಡಿಯುವುದು ಸುಮಾರು ಅರ್ಧ ಲೀಟರ್. ಗುಳುಗುಳು ಸದ್ದು ನಿಂತ ಮೇಲೆ ಹೋಸ್ ಜೋಡಿಸಿ, ರೇಡಿಯೇಟರ್ ತುಂಬಿಸಿ, ಕ್ಯಾಪ್ ಹಾಕದೆ ಎಂಜಿನ್ ಓಡಿಸಿ, ಹೋಸ್‌ಗಳನ್ನು ಹಿಸುಕುತ್ತಾ ಬನ್ನಿ. ಥರ್ಮೋಸ್ಟಾಟ್ ತೆರೆದಾಗ ನೀರಿನ ಮಟ್ಟ ಒಮ್ಮೆಗೇ ಕುಸಿಯುತ್ತದೆ. ತುಂಬಿಸಿ ಕ್ಯಾಪ್ ಮುಚ್ಚಿ. ಮರುದಿನ ತಣ್ಣಗಿರುವಾಗ ಮತ್ತೊಮ್ಮೆ ನೋಡಿ. ಬಿಸಿ ಎಂಜಿನ್ನಿನ ಕ್ಯಾಪ್ ತೆರೆದು ಮುಖ ಸುಟ್ಟುಕೊಂಡವರನ್ನು ನಾನು ಆಸ್ಪತ್ರೆಯಲ್ಲಿ ನೋಡಿದ್ದೇನೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಗಾಳಿಯ ಕಡೆಯ ದೋಷಗಳು ಬೇಗ ಮುಗಿಯುವಂಥವು. ತುಮಕೂರು ಜಿಲ್ಲೆಯ ಗೆಳೆಯರೊಬ್ಬರ ಹೆರಾಲ್ಡ್‌ನಲ್ಲಿ ಬ್ಲೋಯರ್ ಸದ್ದು ಮಾಡುತ್ತಿತ್ತು, ಗಾಜಿಗೆ ಗಾಳಿ ಬರುತ್ತಿರಲಿಲ್ಲ. ತೆಂಗಿನ ತೋಟದ ಶೆಡ್ಡಿನಲ್ಲಿ ನಿಲ್ಲುವ ಕಾರು. ಗಾಜಿಗೆ ಗಾಳಿ ಒಯ್ಯುವ ಪೈಪನ್ನು ಕಳಚಿದರೆ ಇಲಿ ತೆಂಗಿನ ನಾರು ತುರುಕಿ ಗೂಡು ಕಟ್ಟಿತ್ತು. ಆ ಪೈಪುಗಳು ಹರಿದಿವೆಯೇ, ಕವಾಟಗಳು ತುಕ್ಕು ಹಿಡಿದು ಒಂದೇ ಕಡೆ ನಿಂತಿವೆಯೇ ಎಂದು ನೋಡಿದರೆ ಸಾಕು. ಬ್ಲೋಯರ್ ತಿರುಗದಿದ್ದರೆ ಫ್ಯೂಸ್, ಸ್ವಿಚ್, ಅರ್ತ್ ತಂತಿ, ಮೋಟಾರಿನ ಕಾರ್ಬನ್ ಬ್ರಷ್, ಈ ಕ್ರಮದಲ್ಲಿ ನೋಡಿ. ಒಂದು ಎಚ್ಚರಿಕೆ ಮಾತ್ರ ಮುಖ್ಯ. ಹಳೆಯ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯೇ ಕಾರಿನ ಮೈಗೆ ಜೋಡಿಸುವ ಅರ್ತ್ ಆಗಿರುತ್ತಿತ್ತು. ಹಳೆಯ ಡೈನಮೋ ಬದಲು ಆಲ್ಟರ್ನೇಟರ್ ಹಾಕಿಸುವಾಗ ಅದನ್ನು ನೆಗೆಟಿವ್‌ಗೆ ಬದಲಿಸಿದ್ದರೆ, ಮೋಟಾರಿನಲ್ಲಿ ಶಾಶ್ವತ ಅಯಸ್ಕಾಂತವಿದ್ದಲ್ಲಿ ಅದು ಹಿಂದುಮುಂದಾಗಿ ತಿರುಗುತ್ತದೆ. ಸದ್ದು ಬರುತ್ತದೆ, ಗಾಳಿ ಬರುವುದಿಲ್ಲ. ಮೋಟಾರಿನ ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ಸರಿಹೋಗುತ್ತದೆ.

ಹೀಟರ್ ಹಾಕಿದಾಗ ಗಾಜು ತಿಳಿಯಾಗುವ ಬದಲು ಇನ್ನಷ್ಟು ಮಂಜಾಗಿ, ಸಿಹಿಯಾದ ವಾಸನೆ ಬಂದು, ಒರೆಸಿದರೆ ಬೆರಳಿಗೆ ಜಿಡ್ಡು ಅಂಟಿದರೆ ಕೋರ್ ಒಳಗೇ ಸೋರುತ್ತಿದೆ. ನಲ್ಲಿ ಮುಚ್ಚಿ ಊರು ಸೇರಿ, ಕೋರ್ ಬಿಚ್ಚಿ. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ನಾಯಿ, ಬೆಕ್ಕು ಅದನ್ನು ನೆಕ್ಕಿದರೆ ಸ್ವಲ್ಪಕ್ಕೇ ಸಾಯುತ್ತವೆ. ಬಸಿದ ಕೂಲೆಂಟನ್ನು ಅಂಗಳದಲ್ಲಿ, ಚರಂಡಿಯಲ್ಲಿ ಬಿಡಬೇಡಿ. ಮುಚ್ಚಳವಿರುವ ಕ್ಯಾನಿನಲ್ಲಿ ಎತ್ತಿಡಿ.

ಬೀಟಲ್ ಇಟ್ಟುಕೊಂಡವರಿಗೆ ಬೇರೆಯದೇ ಮಾತು ಹೇಳಬೇಕು. ಅದರಲ್ಲಿ ನೀರೇ ಇಲ್ಲ. ಎಂಜಿನ್ ಫ್ಯಾನಿನ ಗಾಳಿ ಎಕ್ಸಾಸ್ಟ್ ಪೈಪನ್ನು ಸುತ್ತುವರಿದ ಹೊದಿಕೆಯೊಳಗೆ ಹಾದು ಕಾದು, ಬಾಗಿಲ ಕೆಳಗಿನ ಟೊಳ್ಳಿನ ಮೂಲಕ ಒಳಬರುತ್ತದೆ. ಆ ಎಕ್ಸಾಸ್ಟ್ ಪೈಪಿನಲ್ಲಿ ತುಕ್ಕಿನ ಒಂದು ರಂಧ್ರವಾದರೆ ಹೊಗೆ ನೇರವಾಗಿ ನಮ್ಮ ಉಸಿರಿಗೆ ಸೇರುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಹೀಟರ್ ಹಾಕಿದಾಗ ತಲೆನೋವು, ಮಂಪರು ಬಂದರೆ ಚಳಿಯ ಆಯಾಸವೆಂದು ಕಡೆಗಣಿಸಬೇಡಿ; ಕಿಟಕಿ ಇಳಿಸಿ, ಕಾರು ನಿಲ್ಲಿಸಿ, ಕೆಳಗಿಳಿಯಿರಿ. ಪೈಪುಗಳನ್ನು ಬಿಚ್ಚಿ ನೋಡಿಸುವ ತನಕ ಆ ಹೀಟರ್ ತೆರೆಯಬಾರದು. ಕಾರ್ಬನ್ ಮೊನಾಕ್ಸೈಡ್ ಇದ್ದರೆ ಕೂಗುವ ಪುಟ್ಟ ಯಂತ್ರಗಳು ಸಿಗುತ್ತವೆ. ಬೀಟಲ್‌ನಲ್ಲಿ ಅದೊಂದು ಇರಲೇಬೇಕೆಂದು ನನ್ನ ಅಭಿಪ್ರಾಯ.

ಮಾತು ಮುಗಿದ ಮೇಲೆ ಎರಡು ಪ್ರಶ್ನೆಗಳು ಬಂದವು. ಇಷ್ಟೆಲ್ಲ ಏಕೆ, ಸಿಗರೇಟ್ ಲೈಟರ್‌ಗೆ ಸಿಕ್ಕಿಸುವ ವಿದ್ಯುತ್ ಹೀಟರ್ ಆಗದೇ ಎಂದು ಒಬ್ಬರು ಕೇಳಿದರು. ಹಳೆಯ ಡೈನಮೋ ಕೊಡುವುದು 19ರಿಂದ 22 ಆಂಪಿಯರ್; 12 ವೋಲ್ಟಿಗೆ ಲೆಕ್ಕ ಹಾಕಿದರೆ 264 ವ್ಯಾಟ್ ಮೀರುವುದಿಲ್ಲ. 150 ವ್ಯಾಟಿನ ಹೀಟರ್ ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತಿನ್ನುತ್ತದೆ. ಉಳಿದದ್ದರಲ್ಲಿ ಹೆಡ್‌ಲೈಟ್, ವೈಪರ್, ಇಗ್ನಿಷನ್ ನಡೆಯಬೇಕು. ಸರಿಯಿರುವ ಬಿಸಿನೀರಿನ ಹೀಟರ್ ಎರಡು ಮೂರು ಸಾವಿರ ವ್ಯಾಟಿನಷ್ಟು ಬಿಸಿ ಕೊಡುತ್ತದೆ, ಅದೂ ಎಂಜಿನ್ ಹೇಗೂ ಹೊರಚೆಲ್ಲುವ ಬಿಸಿ. ಬೇಸಿಗೆಯಲ್ಲಿ ನಂದಿ ಏರುವಾಗ ಎಂಜಿನ್ ಕಾದು ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋದರೆ ಹೀಟರ್ ಪೂರ್ತಿ ತೆರೆದು ಬ್ಲೋಯರ್ ಹಾಕಿ ನೋಡಿ, ಆ ಬಿಸಿ ಎಷ್ಟೆಂದು ತಿಳಿಯುತ್ತದೆ. ಎಂಜಿನ್ನಿಗೆ ಎರಡನೆಯ ರೇಡಿಯೇಟರ್ ಸಿಕ್ಕಂತಾಗಿ ಮುಳ್ಳು ಕೆಳಗಿಳಿಯುತ್ತದೆ. ಹೀಟರ್ ಇಲ್ಲದೇ ಬಂದ ಅಂಬಾಸಿಡರ್‌ಗೆ ಈಗ ಹಾಕಿಸಬಹುದೇ ಎಂದು ಇನ್ನೊಬ್ಬರು ಕೇಳಿದರು. ಹಾಕಿಸಬಹುದು. 1489 ಸಿಸಿಯ ಆ ಎಂಜಿನ್ನಿನ ಹೆಡ್‌ನಲ್ಲಿ ಹೀಟರ್ ನಲ್ಲಿಗೆಂದೇ ಬಿಟ್ಟ ಜಾಗವಿದೆ. ಒಂದು ಸಣ್ಣ ತಗಡಿನಿಂದ ಮುಚ್ಚಿರುತ್ತಾರೆ.

ಆಮೇಲೆ ಎಲ್ಲರೂ ಅಂಗಳಕ್ಕೆ ಬಂದು ನನ್ನ ಮೈನರ್‌ನ ಬಾನೆಟ್ ತೆರೆದೆವು. ಎಂಜಿನ್ ಕಾದ ಮೇಲೆ ಒಬ್ಬೊಬ್ಬರಾಗಿ ಎರಡು ಹೋಸ್‌ಗಳನ್ನು ಮುಟ್ಟಿ ನೋಡಿದರು. ಗೌರಿಬಿದನೂರಿನಿಂದ ಬಂದಿದ್ದ ಕಿರಿಯ ಮೆಕ್ಯಾನಿಕ್ ಒಬ್ಬರು ಎರಡನೆಯ ಹೋಸ್ ಮೇಲೆ ಕೈಯನ್ನು ಹಾಗೆಯೇ ಬಹಳ ಹೊತ್ತು ಇಟ್ಟು, "ಸಾರ್, ಇದು ಕೈಯಿಡುವಷ್ಟು ತಣ್ಣಗಿದೆ, ಮತ್ತೆ ಕಟ್ಟಿಕೊಳ್ಳುತ್ತಿದೆ ಅನಿಸುತ್ತದೆ" ಎಂದರು. ನಾನೂ ಮುಟ್ಟಿದೆ; ಅವರು ಹೇಳಿದ್ದು ಸರಿಯಾಗಿತ್ತು. ಕೋರ್ ತೊಳೆದು ನಾಲ್ಕು ವರ್ಷವಾಗಿತ್ತು. ಮುಂದಿನ ಭಾನುವಾರ ಅದನ್ನು ಬಿಚ್ಚುವುದೆಂದು, ಅವರೂ ಬಂದು ನಿಂಬೆ ಉಪ್ಪಿನಲ್ಲಿ ತೊಳೆಯುವುದನ್ನು ಕಣ್ಣಾರೆ ನೋಡುವುದೆಂದು ಅಲ್ಲೇ ಮಾತಾಯಿತು.